ಕಾಯಿಲೆಯವರ ಮನೆಗೆ ಹಣ್ಣು ಬೇಡ, ಎರಡು ಗಂಟೆ ತನ್ನಿ

ಎರಡನೇ ಸುತ್ತಿನ ಬೋರ್ಡೋ ಮೊನ್ನೆ ಮುಗೀತು. ಮಳೆ ಎರಡು ದಿನ ಬಿಡುವು ಕೊಟ್ಟದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಈ ವರ್ಷವೂ ಕೊಳೆರೋಗಕ್ಕೆ ಅರ್ಧ ಫಸಲು ಹೋಗ್ತಿತ್ತು. ಬೈಲಿನ ಗದ್ದೆಯಲ್ಲಿ ಎಂಒ4 ಚೆನ್ನಾಗಿ ಬೇರು ಹಿಡಿದಿದೆ. ನವಿಲಿನ ಕಾಟ ಎಂದಿನ ಹಾಗೇ.

ತೋಟದ ಸುದ್ದಿ ಇಷ್ಟು. ನಾಲ್ಕು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ, ಯಾಕೆ ಅಂತ ಡೇರಿಯಲ್ಲಿ ಸಿಕ್ಕಿದಾಗ ಕೆಲವರು ಕೇಳಿದ್ರಿ. "ಅಪ್ಪನಿಗೆ ಹುಷಾರಿಲ್ಲ ಮಾರಾಯ್ರೆ" ಅಂತ ಹೇಳಿ ಹಾಲಿನ ಕ್ಯಾನ್ ಹಿಡ್ಕೊಂಡು ಬಂದುಬಿಟ್ಟಿದ್ದೇನೆ. ಇವತ್ತು ಪೂರ್ತಿ ಬರೀತೇನೆ. ಯಾಕಂದ್ರೆ ನಮ್ಮ ಬೈಲಿನಲ್ಲೇ ಹಾಸಿಗೆ ಹಿಡಿದವರು ಇರುವ ಮನೆ ಈಗ ಐದಾರು ಉಂಟು. ಇದರ ಬಗ್ಗೆ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಕೆಲವರಿಗೆ ಬೇಜಾರಾಗಬಹುದು, ಆದ್ರೂ ಹೇಳ್ತೇನೆ.

ಅಪ್ಪನಿಗೆ ಈಗ 78. ಪಾರ್ಕಿನ್ಸನ್ ಅಂತ ಡಾಕ್ಟರು ಹೆಸರು ಹೇಳಿ 9 ವರ್ಷ ಆಯ್ತು. ಆದ್ರೆ ಕಾಯಿಲೆ ಅದಕ್ಕಿಂತ ಮೊದಲೇ ಮನೆಗೆ ಬಂದಿತ್ತು. ಮೊದಲು ಹೋದದ್ದು ಮೂಗು. ಹೆಂಡತಿ ಕಟ್ಟಿದ ಮಲ್ಲಿಗೆ ಜಗಲಿಯಲ್ಲಿ ಇದ್ರೂ, ಒಳಗೆ ಚಾವಡಿಯಲ್ಲಿ ಕೂತು "ಇವತ್ತು ಹೂ ಇಲ್ವಾ?" ಅಂತ ಕೇಳ್ತಿದ್ರು. ನಾವು ನಗಾಡ್ತಿದ್ದೆವು. ವಾಸನೆ ಗೊತ್ತಾಗದೆ ಇರುವುದು ಈ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕಾಣಿಸಬಹುದಂತೆ. ಎರಡನೆಯದು ಅಕ್ಷರ. ಕೂಲಿ ಲೆಕ್ಕ ಬರೆಯುವ ಅವರ ಪುಸ್ತಕ ಈಗ ತೆಗೆದು ನೋಡಿದ್ರೆ ಅಕ್ಷರ ವರ್ಷದಿಂದ ವರ್ಷಕ್ಕೆ ಸಣ್ಣ ಆಗ್ತಾ ಬಂದದ್ದು ಕಾಣ್ತದೆ. ಕೊನೆಯ ಪುಟ ಓದ್ಲಿಕ್ಕೆ ಕನ್ನಡಕ ಸಾಲುವುದಿಲ್ಲ.

ಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರು ಮಾಡುವ ಜೀವಕೋಶಗಳು ಸಾಯ್ತಾ ಬರ್ತವೆ, ಕೈಕಾಲಿನ ಚಲನೆ ಅದರ ಮೇಲೆ ನಿಂತಿದೆ. ಮಾತ್ರೆ ಅದನ್ನು ಸ್ವಲ್ಪ ಹೊತ್ತಿಗೆ ತುಂಬಿಸಿ ಕೊಡ್ತದೆ, ಗುಣ ಮಾಡುವುದಿಲ್ಲ. ಡಾಕ್ಟರು ನಮಗೆ ಹೇಳಿದ್ದರ ಸಾರ ಇಷ್ಟು. ಕೀಟನಾಶಕ, ಕಳೆನಾಶಕಗಳಿಗೂ ಈ ಕಾಯಿಲೆಗೂ ಸಂಬಂಧ ತೋರಿಸಿದ ಅಧ್ಯಯನಗಳು ಹಲವು ಉಂಟು. ಪ್ಯಾರಾಕ್ವಾಟ್ ಹೆಸರು ಅದರಲ್ಲಿ ಮತ್ತೆ ಮತ್ತೆ ಬರ್ತದೆ. ಯುರೋಪಿನಲ್ಲಿ 2007ರಿಂದ ಅದಕ್ಕೆ ಅನುಮತಿ ಇಲ್ಲ. ಅಪ್ಪನಿಗೆ ಅದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಹೇಳಲಿಕ್ಕೆ ಆಗುವುದೂ ಇಲ್ಲ. ಆದ್ರೆ ಕೈಗವಸು ಇಲ್ಲದೆ, ಮುಖಕ್ಕೆ ಬೈರಾಸು ಸುತ್ತಿಕೊಂಡು ಅವರು ಸಿಂಪಡಿಸಿದ ವರ್ಷಗಳು ನನಗೆ ನೆನಪುಂಟು. ನೀವು ಹಾಗೆ ಮಾಡ್ಬೇಡಿ.

ಒಬ್ಬ ಕೃಷಿಕ ಕ್ಷೀಣಿಸುವುದನ್ನು ವೈದ್ಯರ ಫೈಲಿನಲ್ಲಿ ನೋಡಬೇಕಾಗಿಲ್ಲ, ಬಿಟ್ಟ ಕೆಲಸಗಳ ಪಟ್ಟಿಯಲ್ಲಿ ನೋಡಬಹುದು. ಮೊದಲು ಕಸಿ ಕಟ್ಟುವುದು ಬಿಟ್ರು. ಆಮೇಲೆ ಗದ್ದೆಯ ಹುಣಿಯ ಮೇಲೆ ನಡೆಯುವುದು. ಚಾಲಿ ಸುಲಿಯುವುದು ಬಿಟ್ಟ ದಿನ ಕತ್ತಿಯನ್ನು ತಾವೇ ತೊಳೆದು, ಒರಸಿ, ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ರು. ಮಾತೇನೂ ಆಡಲಿಲ್ಲ. ಮತ್ತೆ ಎರಡು ವರ್ಷ ಕೂತಲ್ಲೇ ಪಟೋರ, ಉಳ್ಳಿ, ಕರಿಗೋಟು ಬೇರೆ ಮಾಡಿ ಕೊಡ್ತಿದ್ರು. ಈಗ ಅದೂ ಇಲ್ಲ.

ಹೊಸ್ತಿಲು ದಾಟುವಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡ್ತಿದ್ರು. ಇಕ್ಕಟ್ಟಿನ ಜಾಗದಲ್ಲಿ, ಬಾಗಿಲಲ್ಲಿ ಹೀಗಾಗುವುದು ಈ ಕಾಯಿಲೆಯ ಸ್ವಭಾವ. ನೆಲದ ಮೇಲೆ ಅಡ್ಡ ಗೆರೆ ಎಳೆದು ಅದನ್ನು ದಾಟಲಿಕ್ಕೆ ಹೇಳಿದ್ರೆ ಕಾಲು ಬಿಡ್ತದೆ ಅಂತ ಫಿಸಿಯೋಥೆರಪಿಯವರು ಹೇಳಿದ್ರು. ಚಾವಡಿಯಿಂದ ಬಚ್ಚಲಿನವರೆಗೆ ಒಂದೂವರೆ ಅಡಿಗೆ ಒಂದರಂತೆ ಬಿಳಿ ಬಣ್ಣದ ಪಟ್ಟಿ ಎಳೆದೆ. ಮೂರು ವರ್ಷ ಆ ಗೆರೆಗಳ ಮೇಲೆ ಅಪ್ಪ ನಡೆದ್ರು. ನೇಜಿ ಸಾಲು ದಾಟಿದ ಹಾಗೆ ಕಾಲೆತ್ತಿ ಇಡ್ತಿದ್ರು. ಯಾರ ಮನೆಯಲ್ಲಾದ್ರೂ ಇಂಥ ಕಾಯಿಲೆ ಇದ್ರೆ ಮಾಡಿ ನೋಡಿ, ಒಂದು ಡಬ್ಬಿ ಪೇಂಟಿನ ಖರ್ಚು ಅಷ್ಟೆ.

ಈಗ ಹದಿನಾಲ್ಕು ತಿಂಗಳಿಂದ ಪೂರ್ತಿ ಹಾಸಿಗೆ.

ಇಷ್ಟು ಅಪ್ಪನ ಕಥೆ. ನಾನು ಬರೆಯಲಿಕ್ಕೆ ಹೊರಟದ್ದು ಹೆಂಡತಿಯ ಕಥೆ.

ನಮ್ಮದು ಶಂಕರಪುರದ ಕಡೆಯ ಮಲ್ಲಿಗೆ, ಎಂಬತ್ತು ಗಿಡ. ಗೊತ್ತಿಲ್ಲದವರಿಗಾಗಿ ಲೆಕ್ಕ ಹೇಳ್ತೇನೆ: 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಅಂದ್ರೆ 3,200 ಮೊಗ್ಗು. ಒಂದೊಂದನ್ನೂ ಕೈಯಲ್ಲೇ ಕೊಯ್ದು, ಬಾಳೆನಾರಿನಲ್ಲಿ ಕೈಯಲ್ಲೇ ಕಟ್ಟಬೇಕು. ಬೆಳಕು ಹರಿಯುವಾಗ ಶುರು ಮಾಡಿದ್ರೆ ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಇವತ್ತಿನ ಮೊಗ್ಗು ನಾಳೆಗೆ ಬರುವುದಿಲ್ಲ. ಅರಳಿದ ಹೂವಿಗೆ ಕಟ್ಟೆಯಲ್ಲಿ ಬೆಲೆ ಇಲ್ಲ. ಅಡಿಕೆಯಾದ್ರೆ ದರ ಬರುವವರೆಗೆ ಗೋಣಿಯಲ್ಲಿ ಇಡಬಹುದು, ಮಲ್ಲಿಗೆ ಹಾಗಲ್ಲ.

ಮಲ್ಲಿಗೆಯ ಆ ಹೊತ್ತೇ ಅಪ್ಪನ ಹೊತ್ತು ಕೂಡ. ಬೆಳಗ್ಗೆ ಆರಕ್ಕೆ ಮೊದಲ ಮಾತ್ರೆ, ಅದು ಹತ್ತುವವರೆಗೆ ಮೈ ಒಣ ಕೊರಡಿನ ಹಾಗೆ. ರಾತ್ರಿಯ ಬಟ್ಟೆ ತೆಗೆಯಬೇಕು, ತೊಳೆಯಬೇಕು, ಒರಸಬೇಕು, ಬೆನ್ನು ನೋಡಬೇಕು. ಗಂಜಿ ಚಮಚದಲ್ಲಿ ಕೊಡಬೇಕು. ಎದ್ದು ಕೂರಿಸಿ, ಗದ್ದ ತಗ್ಗಿಸಿ, ಒಂದು ಚಮಚ ಒಳಗೆ ಹೋದದ್ದು ಖಾತ್ರಿ ಆದ ಮೇಲೆ ಇನ್ನೊಂದು. ಅವಸರ ಮಾಡಿದ್ರೆ ಶ್ವಾಸಕೋಶಕ್ಕೆ ಹೋಗ್ತದೆ, ಮತ್ತೆ ನ್ಯುಮೋನಿಯಾ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ರೆ ಬೆನ್ನು ಹುಣ್ಣಾಗ್ತದೆ. ರಾತ್ರಿ ಒಂದು ಗಂಟೆಗೆ "ಗದ್ದೆಗೆ ದನ ನುಗ್ಗಿದೆ, ಏಳಿ" ಅಂತ ಕೂಗ್ತಾರೆ. ಅವರಿಗೆ ನಿಜವಾಗಿ ಕಾಣ್ತದೆ. ಮೊದಲು "ಇಲ್ಲ ಅಪ್ಪಾ, ದನ ಎಲ್ಲಿಂದ" ಅಂತ ವಾದ ಮಾಡ್ತಿದ್ದೆ, ಅವರು ಎದ್ದು ಹೋಗ್ಲಿಕ್ಕೆ ನೋಡಿ ಬೀಳ್ತಿದ್ರು. ಹೆಂಡತಿ ಉಪಾಯ ಕಂಡುಹಿಡಿದಳು. ಹೊರಗೆ ಹೋಗಿ ಬಾಗಿಲು ಸದ್ದು ಮಾಡಿ ಬಂದು, "ಓಡಿಸಿ ಬಂದೆ ಮಾವ, ಬೇಲಿ ಕಟ್ಟಿದೆ" ಅಂತಾಳೆ. ಅವರು ಮಲಗ್ತಾರೆ.

ಹೋದ ಎಪ್ರಿಲಿನಲ್ಲಿ, ಮದುವೆ ಸೀಸನ್, ಹೂವಿಗೆ ಒಳ್ಳೆ ದರ. ನಾನು ಬೆಳಗ್ಗೆ ಕೆಳಗಿನ ತೋಟದಲ್ಲಿ ಪಂಪಿನ ಹತ್ತಿರ ಇದ್ದೆ. ಹೆಂಡತಿ ಅರ್ಧ ಬುಟ್ಟಿ ಹೂ ಕೊಯ್ದವಳು, ಅಪ್ಪ ಕೂಗಿದ್ದು ಕೇಳಿ ಒಳಗೆ ಓಡಿದ್ದಾಳೆ. ಮಂಚದಿಂದ ಅರ್ಧ ಜಾರಿದ್ದವರನ್ನು ಒಬ್ಬಳೇ ಎತ್ತಿದ್ದಾಳೆ. ಅಲ್ಲೇ ಸೊಂಟ ಹಿಡಿದು ಕೂತವಳು ಏಳಲಿಕ್ಕಾಗಲಿಲ್ಲ. ನಾನು ಬಂದಾಗ ಅಪ್ಪ ಮಂಚದ ಮೇಲೆ, ಅವಳು ಮಂಚದ ಕೆಳಗೆ. ಮೊದಲ ಮಾತೇ "ಆ ಹೂ ಒಣಗ್ತದೆ, ನೀರು ಚಿಮುಕಿಸಿ" ಅಂತ.

ಡಿಸ್ಕ್ ತೊಂದರೆ. ಆರು ವಾರ ಭಾರ ಎತ್ತಬಾರದು, ಬಗ್ಗಬಾರದು. ಡಾಕ್ಟರು "ನೋವು ಯಾವಾಗಿಂದ?" ಅಂತ ಕೇಳಿದ್ರು. "ದೀಪಾವಳಿಯಿಂದ" ಅಂದಳು. ಪಕ್ಕದಲ್ಲಿ ಕೂತಿದ್ದ ನನಗೆ ಆಗಲೇ ಗೊತ್ತಾದದ್ದು. ಅಪ್ಪನ ಮಾತ್ರೆ, ಡಯಾಪರು, ನೀರು ತುಂಬುವ ಹಾಸಿಗೆ, ಫಿಸಿಯೋ, ಆಟೋ ಬಾಡಿಗೆ ಎಲ್ಲ ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಒಂದು ರೂಪಾಯಿ ಬಿಡದೆ. ಅವಳು ಹದಿನಾಲ್ಕು ತಿಂಗಳು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ ಅನ್ನುವುದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಕಟ್ಟೆಯವರ ಚೀಟಿ ತೆಗೆದು ನೋಡಿದೆ: ಹಿಂದಿನ ವರ್ಷಕ್ಕೆ ಹೋಲಿಸಿದ್ರೆ ಹೂವಿನ ದುಡ್ಡು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಅದು ಅವಳ ಸ್ವಂತ ದುಡ್ಡು. ಮಗಳ ಹಾಸ್ಟೆಲಿಗೆ ಹೋಗುತ್ತಿದ್ದ ದುಡ್ಡು. ಕಾಯಿಲೆಯ ಅತಿ ದೊಡ್ಡ ಖರ್ಚು ಅದೇ ಆಗಿತ್ತು, ನಾನು ಅದನ್ನು ಖರ್ಚು ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ವಾರ ನೆರೆಕರೆಯವರೆಲ್ಲ ಬಂದ್ರು. ನೆಂಟರು ಬಂದ್ರು. ಬಂದವರು ಯಾರೂ ಬರಿಗೈಯಲ್ಲಿ ಬರಲಿಲ್ಲ. ಎಣಿಸಿದ್ದೇನೆ: ಬ್ರೆಡ್ ಆರು ಪ್ಯಾಕೆಟು, ಹಾರ್ಲಿಕ್ಸ್ ಮೂರು, ಮೂಸಂಬಿ, ಸೇಬು ಎಲ್ಲ ಸೇರಿ ಏಳೆಂಟು ಕಿಲೋ. ನುಂಗಲಿಕ್ಕೇ ಆಗದವರಿಗೆ ಸೇಬು. ಬಹುಪಾಲು ದನಕ್ಕೆ ಹೋಯ್ತು. ಬಂದ ಪ್ರತಿಯೊಬ್ಬರಿಗೂ ಏನಾಯ್ತು, ಹೇಗಾಯ್ತು ಅಂತ ಮೊದಲಿನಿಂದ ಹೇಳಬೇಕು. ಚಾ ಮಾಡಬೇಕು. ಸೊಂಟ ಹಿಡಿದವಳೇ ಎದ್ದು ಚಾ ಇಟ್ಟದ್ದೂ ಉಂಟು. ಮತ್ತೆ ಸಲಹೆ: ಅಲ್ಲಿ ಒಬ್ರು ನಾಟಿ ಔಷಧಿ ಕೊಡ್ತಾರೆ, ಇಲ್ಲಿ ಒಬ್ರು ಎಣ್ಣೆ ತಿಕ್ಕುತ್ತಾರೆ. ಮುಂಬೈಯಿಂದ ಅಣ್ಣ ಫೋನಿನಲ್ಲಿ "ದೊಡ್ಡ ಡಾಕ್ಟರಿಗೆ ತೋರಿಸು, ದುಡ್ಡು ನಾನು ಕಳಿಸ್ತೇನೆ" ಅಂದ. ಕಳಿಸಿದ ಕೂಡ, ಅವನದ್ದು ತಪ್ಪಿಲ್ಲ. ಮತ್ಸ್ಯಗಂಧದಲ್ಲಿ ಬಂದು ನಾಲ್ಕು ದಿನ ಇದ್ದು, ಅತ್ತು, ಹೋದ.

ಅಪ್ಪನ ಮಂಚದ ಪಕ್ಕದಲ್ಲೇ ನಿಂತು "ಪಾಪ, ಹೇಗಿದ್ದವರು ಹೇಗಾದ್ರು, ಈಗ ಗುರುತೂ ಸಿಗುವುದಿಲ್ವಾ?" ಅಂತ ಕೇಳಿದವರೇ ಹತ್ತು ಜನ. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯಾಗಿ ಭಾವನೆ ಕಾಣುವುದಿಲ್ಲ, ಸ್ವರ ಏಳುವುದಿಲ್ಲ. ಆದ್ರೆ ಕಿವಿ ಕೇಳ್ತದೆ, ಹೆಚ್ಚಿನ ಹೊತ್ತು ಅರ್ಥವೂ ಆಗ್ತದೆ. ಆ ರಾತ್ರಿಗಳಲ್ಲಿ ಅಪ್ಪನ ದಿಂಬು ಒದ್ದೆಯಾದದ್ದು ಬಂದವರಿಗೆ ಗೊತ್ತಿಲ್ಲ.

ಆರನೇ ದಿನ ಬೆಳಗ್ಗೆ ಐದೂವರೆಗೆ ನಾಯಿ ಬೊಗಳಿತು. ಹೊರಗೆ ಬಂದು ನೋಡಿದ್ರೆ ಪಕ್ಕದ ಮನೆಯ ಅಕ್ಕ ಮಲ್ಲಿಗೆ ಗಿಡದ ನಡುವೆ ಬುಟ್ಟಿ ಹಿಡ್ಕೊಂಡು ನಿಂತಿದ್ರು, ತಲೆಗೆ ಟಾರ್ಚ್ ಕಟ್ಟಿಕೊಂಡು. ಅವರ ಮನೆಯಲ್ಲೂ ಮಲ್ಲಿಗೆ ಉಂಟು, ಅದನ್ನು ಸೊಸೆಗೆ ಬಿಟ್ಟು ಬಂದಿದ್ರು. "ನೀನು ಹೋಗಿ ಅಪ್ಪನ್ನ ನೋಡು. ಇದು ಅರಳಿದ್ರೆ ಯಾರಿಗುಂಟು?" ಅಂದ್ರು. ಕೊಯ್ದು, ಜಗಲಿಯಲ್ಲಿ ಕೂತು ಕಟ್ಟಿ, ಕಟ್ಟೆಗೆ ಕೊಟ್ಟು, ಚೀಟಿ ಹೆಂಡತಿಯ ಹೆಸರಿನಲ್ಲಿ ಬರೆಸಿದ್ರು. ಒಳಗೆ ಬಂದು "ಹೇಗಿದ್ದಾರೆ" ಅಂತ ಕೇಳಲೇ ಇಲ್ಲ. ಹೀಗೆ ಇಪ್ಪತ್ತೆರಡು ದಿನ.

ನನ್ನ ಅಭಿಪ್ರಾಯ ಇದರಿಂದಲೇ ಹುಟ್ಟಿದ್ದು. ವರ್ಷಗಟ್ಟಲೆ ಇರುವ ಕಾಯಿಲೆಯ ಮನೆಗೆ ಬೇಕಾದದ್ದು ಹಣ್ಣಲ್ಲ, ಕನಿಕರವೂ ಅಲ್ಲ. ಗಂಟೆ ಬೇಕು. ಯಾರಾದ್ರೂ ತಮ್ಮ ದಿನದಿಂದ ಎರಡು ಗಂಟೆ ಮುರಿದು ಆ ಮನೆಗೆ ಕೊಟ್ರೆ ಅದೇ ದೊಡ್ಡ ಔಷಧಿ.

ಇದು ನಮಗೆ ಹೊಸ ವಿಷಯವೂ ಅಲ್ಲ. ನಾವೆಲ್ಲ ಮುಯ್ಯಾಳಿನಲ್ಲಿ ಬೆಳೆದವರು. ಇವತ್ತು ನಮ್ಮ ಗದ್ದೆಯ ನೇಜಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ದುಡ್ಡಿನ ಲೆಕ್ಕ ಇಲ್ಲ, ಆದ್ರೆ ಲೆಕ್ಕ ಇತ್ತು, ಯಾರೂ ಮರೀತಿರಲಿಲ್ಲ. ಮಾಡಿಗೆ ಮುಳಿ ಹುಲ್ಲು ಹೊದಿಸುವುದಕ್ಕೆ, ಬಾವಿ ಕೆಸರು ತೆಗೆಯುವುದಕ್ಕೆ, ಮದುವೆ ಚಪ್ಪರಕ್ಕೆ ಎಲ್ಲದಕ್ಕೂ ಜನ ಸೇರ್ತಿದ್ರು. ಈಗಲೂ ಒಂದು ಸಾವಾದ್ರೆ ಅರ್ಧ ಗಂಟೆಯಲ್ಲಿ ಅಂಗಳ ತುಂಬ್ತದೆ, ಸೌದೆ ಒಡೆಯಲಿಕ್ಕೆ ಹತ್ತು ಜನ ಮುಂದೆ ಬರ್ತಾರೆ. ಸತ್ತ ದಿನಕ್ಕೆ ನಮ್ಮಲ್ಲಿ ವ್ಯವಸ್ಥೆ ಉಂಟು. ಅದಕ್ಕೆ ಮೊದಲಿನ ಐದು ವರ್ಷಕ್ಕೆ ಇಲ್ಲ. ಯಾಕಂದ್ರೆ ಹಿಂದೆ ಆ ಐದು ವರ್ಷ ಇರಲಿಲ್ಲ. ಮನೆಯಲ್ಲಿ ಹನ್ನೆರಡು ಜನ ಇದ್ರು, ಕಾಯಿಲೆ ಬಿದ್ದವರು ಬೇಗ ಹೋಗಿಬಿಡ್ತಿದ್ರು. ಈಗ ಔಷಧಿ ಆಯುಷ್ಯ ಕೊಟ್ಟಿದೆ, ಮಕ್ಕಳು ಬೆಂಗಳೂರು, ದುಬೈ, ಮುಂಬೈಯಲ್ಲಿದ್ದಾರೆ, ಮನೆಯಲ್ಲಿ ಒಬ್ಬಳು ಹೆಂಗಸು ಉಳಿದಿದ್ದಾಳೆ.

ಸರ್ಕಾರದ ಯೋಜನೆಗಳು ಇಲ್ಲ ಅಂತಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ನಮ್ಮ ಸಹಕಾರಿ ಸಂಘಗಳ ಸದಸ್ಯರಿಗೆ ಯಶಸ್ವಿನಿ ಉಂಟು. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಮಾಡಿಸಿಕೊಳ್ಳದವರು ಮಾಡಿಸಿಕೊಳ್ಳಿ. ಆದ್ರೆ ಇವೆಲ್ಲ ಆಸ್ಪತ್ರೆಯ ಮಂಚಕ್ಕೆ ದುಡ್ಡು ಕೊಡ್ತವೆ, ಮನೆಯ ಮಂಚಕ್ಕೆ ಕೊಡುವುದಿಲ್ಲ. ವರ್ಷದಲ್ಲಿ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ರೆ ಉಳಿದ 355 ದಿನ ಮನೆಯಲ್ಲೇ.

ಪಾಳಿಯ ಬಲ ಏನು ಅಂತ ತಿಳಿಯಲಿಕ್ಕೆ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳ ಉದಾಹರಣೆಯೇ ಉಂಟು. ಹೊನ್ನಾವರ ಹತ್ತಿರದ ಹಳದೀಪುರದ ಅರುಣಾ ಶಾನಭಾಗ್. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಅಲ್ಲೇ ಅವರ ಮೇಲೆ ದಾಳಿ ಆಯ್ತು, ಮೆದುಳಿಗೆ ಪೆಟ್ಟಾಯ್ತು. 2015ರ ಮೇ 18ರಂದು ತೀರಿಹೋಗುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡ್ರು. ಅವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2011ರಲ್ಲಿ ತೀರ್ಪು ಬಂದಾಗ ನ್ಯಾಯಾಧೀಶರು ಆ ನರ್ಸುಗಳನ್ನು ಹೊಗಳಿದ್ರು. ಅಷ್ಟು ವರ್ಷ ಮಲಗಿದ ಮೈಗೆ ಹಾಸಿಗೆ ಹುಣ್ಣು ಆಗದ ಹಾಗೆ ನೋಡಿಕೊಂಡಿದ್ರು. ಹುಣ್ಣಿನ ಜೊತೆ ಗುದ್ದಾಡಿದವರಿಗೆ ಗೊತ್ತು ಇದು ಎಂಥ ದೊಡ್ಡ ಮಾತು ಅಂತ. ಆ ನರ್ಸುಗಳ ಪ್ರೀತಿ ದೊಡ್ಡದು, ಅನುಮಾನ ಇಲ್ಲ. ಆದ್ರೆ ಪ್ರೀತಿಯ ಜೊತೆ ಪಾಳಿ ಇತ್ತು. ಒಬ್ಬರ ಡ್ಯೂಟಿ ಮುಗಿದ್ರೆ ಇನ್ನೊಬ್ಬರು. ಒಬ್ಬರು ನಿವೃತ್ತಿ ಆದ್ರೆ ಹೊಸಬರು. ನಮ್ಮ ಮನೆಯ ಹೆಂಗಸಿಗೆ ಪ್ರೀತಿ ಕಡಿಮೆ ಇಲ್ಲ, ಪಾಳಿ ಇಲ್ಲ.

ಎಂಡೋಸಲ್ಫಾನ್ ವಿಷಯ ನಿಮಗೆ ಹೇಳಬೇಕಾಗಿಲ್ಲ. ಕಾಸರಗೋಡಿನ ಪಡ್ರೆ ಕಡೆ, ನಮ್ಮಲ್ಲಿ ಕೊಕ್ಕಡದ ಕಡೆ, ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ವಿಷ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅದರ ಬಗ್ಗೆ ಮೊದಲೇ ಬರೆದವರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಆ ಮನೆಗಳಲ್ಲಿ ಮೂವತ್ತು ವರ್ಷದ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಪರಿಹಾರದ ದುಡ್ಡಿಗೆ ಹೋರಾಡಿದ್ರು, ಅದು ಬೇಕಾದದ್ದೇ. ಆದ್ರೆ ಕೊಕ್ಕಡದಲ್ಲಿ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ ಶುರುವಾದಾಗ ತಾಯಂದಿರಿಗೆ ದುಡ್ಡಿನಲ್ಲಿ ಸಿಗದ ಒಂದು ವಸ್ತು ಸಿಕ್ಕಿತು, ಹಗಲು ಹೊತ್ತು. ಕೂಲಿಗೆ ಹೋಗಬಹುದು, ಬೀಡಿ ಕಟ್ಟಬಹುದು, ಸುಮ್ಮನೆ ಒಂದು ಗಂಟೆ ಮಲಗಬಹುದು.

ಕೇರಳದವರು ಇದನ್ನು ಇನ್ನೂ ಮುಂದೆ ತಗೊಂಡು ಹೋಗಿದ್ದಾರೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ಶಮನದ ಕ್ಲಿನಿಕ್ ಶುರುವಾಯ್ತು. ಆಮೇಲೆ ಮಲಪ್ಪುರದಂಥ ಜಿಲ್ಲೆಗಳಲ್ಲಿ ಊರಿನವರೇ ತರಬೇತಿ ಪಡೆದು ಮನೆಮನೆಗೆ ಹೋಗಲಿಕ್ಕೆ ಶುರು ಮಾಡಿದ್ರು. 2008ರಲ್ಲಿ ಸರ್ಕಾರ ಇದಕ್ಕೆ ನೀತಿಯೇ ಮಾಡಿತು, ಪಂಚಾಯತ್‌ಗಳು ಮನೆಗೆ ನರ್ಸ್ ಕಳಿಸ್ತವೆ. ತಲಪಾಡಿ ದಾಟಿದ್ರೆ ಇರುವ ವ್ಯವಸ್ಥೆ ಇದು. ನಮಗೂ ಅವರಿಗೂ ಮಳೆ ಒಂದೇ, ಅಡಿಕೆ ಒಂದೇ. ಇದೊಂದು ಮಾತ್ರ ಗಡಿ ದಾಟಿ ಬರಲಿಲ್ಲ ಯಾಕೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳುವ ಅಂತಿದ್ದೇನೆ. ನೀವೂ ಬಂದು ಕೇಳಿ.

ಇದಕ್ಕೆ ಬರುವ ಎದುರು ಮಾತುಗಳು ನನಗೂ ಗೊತ್ತುಂಟು.

ಒಂದು, "ಈಗ ಗದ್ದೆಗೇ ಮುಯ್ಯಾಳು ಸಿಗುವುದಿಲ್ಲ, ಇದಕ್ಕೆ ಯಾರು ಬರ್ತಾರೆ?" ನಿಜ. ಆದ್ರೆ ಗದ್ದೆಗೆ ನಾಟಿ ಯಂತ್ರ ಬಂತು, ಕಟಾವು ಯಂತ್ರ ಬಂತು, ಮುಯ್ಯಾಳು ಬಿಟ್ರೂ ಬೆಳೆ ನಿಲ್ಲಲಿಲ್ಲ. ಮಗ್ಗುಲು ತಿರುಗಿಸಿ, ಗಂಜಿ ಕುಡಿಸುವ ಯಂತ್ರ ಬಂದಿಲ್ಲ. ಹೋಮ್ ನರ್ಸ್ ಇಡುವ ಅಂದ್ರೆ ನಮ್ಮಂಥವರ ಅಡಿಕೆ ದುಡ್ಡು ಪೂರ್ತಿ ಅದಕ್ಕೇ ಬೇಕು. ನಾವು ಎರಡು ತಿಂಗಳು ಇಟ್ಟು ನೋಡಿದ್ದೇವೆ, ಮುಂದುವರಿಸಲಿಕ್ಕೆ ಆಗಲಿಲ್ಲ.

ಎರಡು, ಮರ್ಯಾದೆ. ಅಪ್ಪನನ್ನು ಆ ಸ್ಥಿತಿಯಲ್ಲಿ ಹೊರಗಿನವರು ನೋಡುವುದು ಬೇಡ ಅಂತ ನನಗೂ ಇತ್ತು. "ಸೊಸೆ ನೋಡಲಿಲ್ಲ, ನೆರೆಯವರು ಬರಬೇಕಾಯ್ತು ಅಂತ ಹೇಳ್ತಾರೆ" ಅಂತ ಹೆಂಡತಿಗೂ ಇತ್ತು. ಅದಕ್ಕೆ ನಾವು ಒಂದು ದಾರಿ ಮಾಡಿಕೊಂಡೆವು: ಮೈ ಮುಟ್ಟುವ ಕೆಲಸ ಮನೆಯವರದ್ದು, ಉಳಿದದ್ದರಲ್ಲಿ ಪಾಲು ಕೇಳುವುದು. ಮತ್ತೆ ಮನೆಯವರು ಅಂದ್ರೆ ಗಂಡಸರೂ ಸೇರಿ. ನನ್ನ ಅಪ್ಪನನ್ನು ತೊಳೆಯುವುದನ್ನು ನಾನು ಕಲಿತದ್ದು ಹೆಂಡತಿಯ ಸೊಂಟ ಹೋದ ಮೇಲೆ, 49ನೇ ವಯಸ್ಸಿನಲ್ಲಿ. ಮೊದಲ ದಿನ ಕೈ ನಡುಗಿದ್ದು ಅವರದ್ದಾ ನನ್ನದಾ ಗೊತ್ತಾಗಲಿಲ್ಲ. ಒಂದು ವಾರದಲ್ಲಿ ಅಭ್ಯಾಸ ಆಯ್ತು. ದನದ ಹೆರಿಗೆ ಮಾಡಿಸುವ ನಮಗೆ ಇದಕ್ಕೆ ಅಸಹ್ಯ ಆಗ್ತದೆ ಅನ್ನುವುದು ಬರೀ ನೆಪ.

ಈಗ ನಮ್ಮ ಮನೆಯ ಪಾಳಿ ಹೀಗುಂಟು. ಹೂವಿನ ದಿನಗಳಲ್ಲಿ ವಾರಕ್ಕೆ ಮೂರು ದಿನ ಅಕ್ಕ ಕೊಯ್ಯಲಿಕ್ಕೆ ಬರ್ತಾರೆ. ಸಂಜೆ ಹಾಲು ಡೇರಿಗೆ ಮುಟ್ಟಿಸುವುದು ಮೇಲಿನ ಮನೆಯ ಹುಡುಗ. ಮಾತ್ರೆ ತರುವುದು ಕಾರ್ಕಳಕ್ಕೆ ದಿನಾ ಕೆಲಸಕ್ಕೆ ಹೋಗುವ ಇನ್ನೊಬ್ಬ. ಬುಧವಾರ ಮಧ್ಯಾಹ್ನ ಅಪ್ಪನ ಪ್ರಾಯದ ಒಬ್ರು ಅಜ್ಜ ಬಂದು ಎರಡು ಗಂಟೆ ಮಂಚದ ಹತ್ತಿರ ಕೂತು ಹಳೆ ಕೋಣಗಳ ಸುದ್ದಿ ಮಾತಾಡ್ತಾರೆ. ಆ ಎರಡು ಗಂಟೆ ನನ್ನ ಹೆಂಡತಿ ಒಳಗೆ ಬಾಗಿಲು ಹಾಕಿ ಮಲಗ್ತಾಳೆ. ಹೋದ ಬುಧವಾರ ಅಜ್ಜ ಮಾತಾಡ್ತಾ ಇದ್ದ ಹಾಗೆ ಅಪ್ಪ ಕಷ್ಟಪಟ್ಟು ಬಾಯಿ ತೆರೆದು, "ಫೂಟ್‌ವಾಲ್ವ್ ಗಾಳಿ ಎಳೀತದೆ" ಅಂದ್ರು. ಹೋಗಿ ನೋಡಿದೆ. ಬಾವಿಯ ನೀರು ಎತ್ತುವ ಪಂಪಿನ ಸದ್ದು ಬದಲಾಗಿತ್ತು, ವಾಲ್ವಿನಲ್ಲಿ ಕಸ ಸಿಕ್ಕಿತ್ತು. ನನಗೆ ಕೇಳಿಸಿರಲಿಲ್ಲ.

ಬದಲಿಗೆ ನಾವೂ ಕೊಡ್ತೇವೆ. ಅಕ್ಕನ ತೋಟದ ಬೋರ್ಡೋ ಈ ವರ್ಷ ನಾನೇ ನಿಂತು ಮಾಡಿಸಿದ್ದು. ಅಜ್ಜನ ಮನೆಯ ಬೇಲಿ ಕಟ್ಟಿಕೊಟ್ಟೆ. ಲೆಕ್ಕ ಸರಿ ಹೋಗಬೇಕಂತಿಲ್ಲ, ಆದ್ರೆ ಒಂದು ಕಡೆಯಿಂದ ಮಾತ್ರ ಪಡೆದ್ರೆ ಕೇಳಲಿಕ್ಕೆ ಬಾಯಿ ಬರುವುದಿಲ್ಲ.

ಇನ್ನೆರಡು ವಿಷಯ ಹೇಳಿ ಮುಗಿಸ್ತೇನೆ. ತಡವಾಗಿ ಗೊತ್ತಾದದ್ದು, ನಿಮಗೆ ಬೇಗ ಗೊತ್ತಾಗಲಿ.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಉಂಟು, ಅಂದ್ರೆ ಗುಣ ಆಗದ ಕಾಯಿಲೆಯಲ್ಲಿ ನೋವು, ಸಂಕಟ ಕಡಿಮೆ ಮಾಡುವ ವಿಭಾಗ. ಇದು ಕ್ಯಾನ್ಸರಿಗೆ ಮಾತ್ರ ಅಂತ ನಾನು ತಿಳಿದಿದ್ದೆ, ಹಾಗಲ್ಲ. "ಇನ್ನು ಏನೂ ಮಾಡಲಿಕ್ಕಿಲ್ಲ" ಅಂತ ಹೇಳಿದ ಮೇಲೆ ಹೋಗುವ ಜಾಗವೂ ಅಲ್ಲ, ಮೊದಲೇ ಹೋಗಬೇಕು. ಹಾಗೆಯೇ ಹಾವಂಜೆಯಲ್ಲಿ ಮಣಿಪಾಲ ಹಾಸ್ಪೈಸ್ ಮತ್ತು ರೆಸ್ಪೈಟ್ ಸೆಂಟರ್ ಉಂಟು. ರೆಸ್ಪೈಟ್ ಅಂದ್ರೆ ನೋಡಿಕೊಳ್ಳುವವರಿಗೆ ಬಿಡುವು. ಅಂಥ ಬಿಡುವು ಬೇಕು ಅಂತ ಒಪ್ಪಿ ಅದಕ್ಕೊಂದು ಜಾಗ ಮಾಡಿದ್ದಾರಲ್ಲ, ಅದನ್ನು ಕೇಳಿಯೇ ನನ್ನ ಹೆಂಡತಿಗೆ ಅರ್ಧ ಸಮಾಧಾನ ಆಯ್ತು.

ಎರಡನೆಯದು, ಕೇಳಬೇಕಾದದ್ದನ್ನು ಅವರಿಗೆ ಮಾತು ಬರುವಾಗಲೇ ಕೇಳಿ. ಸಾಯುವ ಹೊತ್ತಿಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು ಅಂತ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಹೇಳಿದೆ. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸುಲಭ ಮಾಡಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿ 30ರಂದು ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿ ಮಾಡಲಿಕ್ಕೆ ಆದೇಶ ಹೊರಡಿಸಿತು. ಅಪ್ಪ ಒಂದು ಬೆಳಗ್ಗೆ ಮಾತ್ರೆ ಚೆನ್ನಾಗಿ ಹತ್ತಿದ ಹೊತ್ತಿನಲ್ಲಿ ಹೇಳಿದ್ರು: "ಮಗಾ, ಗಂಟಲಿಗೆ ಪೈಪು ಬೇಡ. ಗಾಜಿನ ಕೋಣೆ ಬೇಡ. ಹತ್ತಿರ ಯಾರಾದ್ರೂ ಇರಿ." ಅಣ್ಣನಿಗೆ ಇದು ಒಪ್ಪಿಗೆ ಆಗಲಿಲ್ಲ, "ನೀನು ಚಿಕಿತ್ಸೆ ನಿಲ್ಲಿಸ್ಲಿಕ್ಕೆ ನೋಡ್ತೀಯ" ಅಂದ. ಎರಡು ತಿಂಗಳು ಮಾತು ಬಿಟ್ಟಿದ್ದೆವು. ಕೊನೆಗೆ ಅಪ್ಪ ಸಹಿ ಹಾಕಿದ ಕಾಗದದ ಫೋಟೋ ಕಳಿಸಿದೆ. ಸಹಿ ಅಕ್ಕಿಕಾಳಿನಷ್ಟು ಸಣ್ಣ, ಆದ್ರೆ ಅವರದ್ದೇ. ಮತ್ತೆ ಅವನು ಏನೂ ಹೇಳಲಿಲ್ಲ. ಮುಂದಿನ ತಿಂಗಳು ರಜೆ ಹಾಕಿ ಮೂರು ವಾರ ಬರ್ತೇನೆ, ರಾತ್ರಿ ಪಾಳಿ ನನಗೆ ಬಿಡು ಅಂದಿದ್ದಾನೆ.

"ಹತ್ತಿರ ಯಾರಾದ್ರೂ ಇರಿ" ಅಂತ ಅಪ್ಪ ಕೇಳಿದ್ದಾರೆ. ಅದು ಒಬ್ಬರಿಂದ ಆಗುವ ಕೆಲಸ ಅಲ್ಲ.

ಆದ್ದರಿಂದ ಒಂದು ಕೋರಿಕೆ. ಸಂಜೆ ಡೇರಿಗೆ ಬಂದಾಗ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಅಲ್ಲಿ ಯಾವ ಹೊತ್ತಿನಲ್ಲಿ ಜನ ಬೇಕು ಅಂತ ಮಾತಾಡುವ. ನಾನು ಒಂದು ಪುಸ್ತಕ ತರ್ತೇನೆ. ನನ್ನ ಹೆಸರಿನ ಮುಂದೆ ಭಾನುವಾರ ಬೆಳಗ್ಗೆ ಎರಡು ಗಂಟೆ ಅಂತ ಆಗಲೇ ಬರೆದಿದ್ದೇನೆ. ಕೆಳಗಿನ ಬೈಲಿನಲ್ಲಿ ಗಂಡನಿಗೆ ಡಯಾಲಿಸಿಸ್ ಮಾಡಿಸುವ ಒಬ್ರು ಅಕ್ಕ ಇದ್ದಾರೆ, ಅವರ ಗದ್ದೆಯ ಕಳೆ ಇನ್ನೂ ತೆಗೆದಾಗಿಲ್ಲ. ಈ ಭಾನುವಾರ ನಾನು ಅಲ್ಲಿಗೆ ಹೋಗ್ತೇನೆ. ಬರುವವರಿದ್ರೆ ಏಳು ಗಂಟೆಗೆ ಕತ್ತಿ ಹಿಡ್ಕೊಂಡು ಬನ್ನಿ. ಚಾ ನಾವೇ ಕೊಂಡೋಗುವ, ಅವರು ಮಾಡುವುದು ಬೇಡ.